ಪದ ಪರಿಚಯ: ಎಲ್‌ಸಿಒಇ, ಅಂದರೆ ಸೋಲಾರ್ ಯೂನಿಟ್ಟು ನಮಗೆ ಬಿದ್ದ ಬೆಲೆ

ಸೋಲಾರ್ ಹಾಕಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ‘ಕಿಲೋವಾಟಿಗೆ ಎಷ್ಟು?’ ಎಂದು. ಕೊಡಗಿನ ಮಟ್ಟಿಗೆ ಆ ಉತ್ತರ ಅರ್ಧ ಲೆಕ್ಕ ಮಾತ್ರ. ಪೂರ್ತಿ ಲೆಕ್ಕಕ್ಕೆ ಎಲ್‌ಸಿಒಇ (ಲೆವೆಲೈಸ್ಡ್ ಕಾಸ್ಟ್ ಆಫ್ ಎಲೆಕ್ಟ್ರಿಸಿಟಿ) ಎನ್ನುತ್ತಾರೆ. ಘಟಕ ತನ್ನ ಆಯುಷ್ಯದಲ್ಲಿ ಕೊಡುವ ಕರೆಂಟಿನ ಒಂದೊಂದು ಯೂನಿಟ್ಟು ನಮಗೆ ಎಷ್ಟಕ್ಕೆ ಬೀಳುತ್ತದೆ ಎಂಬುದೇ ಅದು. ಒಟ್ಟು ಖರ್ಚನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಬೇಕು. ಬಡ್ಡಿಯನ್ನೂ ಸೇರಿಸಬೇಕು, ಏಕೆಂದರೆ ಹಣ ಇವತ್ತೇ ಕೈಬಿಡುತ್ತದೆ, ಕರೆಂಟು ಮಾತ್ರ 25 ವರ್ಷ ಸ್ವಲ್ಪಸ್ವಲ್ಪವಾಗಿ ಬರುತ್ತದೆ.

ಕುಶಾಲನಗರದ ಕಡೆಯ ಒಂದು ಮನೆಗೆ 3 ಕಿಲೋವಾಟ್ ಘಟಕ ಎಂದಿಟ್ಟುಕೊಳ್ಳಿ. ಬೆಲೆ 1,80,000 ರೂಪಾಯಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇಷ್ಟು ದೊಡ್ಡ ಘಟಕಕ್ಕೆ 78,000 ಸಬ್ಸಿಡಿ. ಕೈಯಿಂದ ಹೋಗುವುದು 1,02,000. ಪ್ಯಾನೆಲ್‌ನ ಕರೆಂಟನ್ನು ಮನೆಯ ಬಳಕೆಗೆ ಹೊಂದುವಂತೆ ಮಾಡುವ ಇನ್ವರ್ಟರನ್ನು ನಡುವೆ ಒಮ್ಮೆ ಬದಲಿಸಲು 40,000, ತೊಳೆಯುವುದಕ್ಕೆ, ರಿಪೇರಿಗೆ ವರ್ಷಕ್ಕೆ ಸಾವಿರ. ಕಿಲೋವಾಟಿಗೆ ವರ್ಷಕ್ಕೆ 1,200 ಯೂನಿಟ್ ಬಂದರೆ, ಪ್ಯಾನೆಲ್ ವರ್ಷಕ್ಕೆ ಅರ್ಧ ಶೇಕಡಾದಷ್ಟು ಸೊರಗುವುದನ್ನು ಕಳೆದು 25 ವರ್ಷಕ್ಕೆ ಸುಮಾರು 85,000 ಯೂನಿಟ್. ಸುಮ್ಮನೆ ಭಾಗಿಸಿದರೆ ಯೂನಿಟ್ಟಿಗೆ ಎರಡು ರೂಪಾಯಿಗೂ ಕಡಿಮೆ. ಆದರೆ ಹಾಕಿದ ಹಣಕ್ಕೆ ಶೇಕಡಾ 8 ಬಡ್ಡಿ ಹಿಡಿದರೆ ಮೂರೂವರೆ ರೂಪಾಯಿಯ ಹತ್ತಿರ ಹೋಗುತ್ತದೆ. ಮಾರುವವರು ತೋರಿಸುವುದು ಸಾಮಾನ್ಯವಾಗಿ ಮೊದಲನೆಯ ಅಂಕಿ. ಮನೆಯವರು ನೋಡಬೇಕಾದದ್ದು ಎರಡನೆಯದು.

ಈಗ ಅದೇ ಘಟಕವನ್ನು ಚೌಕಾಸಿ ಮಾಡಿ 15,000 ಕಡಿಮೆಗೆ ತಂದಿರಿ ಎನ್ನೋಣ. ಯೂನಿಟ್ಟಿಗೆ ಉಳಿಯುವುದು ಸುಮಾರು 40 ಪೈಸೆ. ಮನೆಯ ಪಕ್ಕದ ಸಿಲ್ವರ್ ಓಕ್ ನೆರಳಿಗೆ ಮೂರರಲ್ಲೊಂದು ಪಾಲು ಉತ್ಪಾದನೆ ಹೋಯಿತೆನ್ನಿ, ಬೆಲೆ ಐದು ರೂಪಾಯಿ ದಾಟುತ್ತದೆ. ತೋಟದ ನಡುವಿನ ಮನೆಗಳಲ್ಲಿ ನೆರಳೇ ದೊಡ್ಡ ಖರ್ಚು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನೇ ಇಳಿಸಬಹುದು. ಮನೆಯ ಹೆಂಚಿನ ಮಾಡಿಗಿಂತ ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನ ಮೇಲೆ ಹಾಕಿದರೆ ಎಷ್ಟೋ ಸಲ ಲಾಭ. ಬಿಸಿಲು ಬೀಳುವ ಜಾಗ ನೋಡಿಯೇ ಕಣ ಮಾಡಿರುತ್ತಾರಲ್ಲ! ವೈರಿನ ಖರ್ಚು ಸ್ವಲ್ಪ ಏರುತ್ತದೆ, ಅಷ್ಟೇ.

ಮಳೆಯ ಮಾತು. ಪಾವಗಡದ ಬಯಲಿನಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಕಟ್ಟಿದ್ದು ಅಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ ಎಂದು. ಭಾಗಮಂಡಲ, ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಕುಸಿಯುತ್ತದೆ. ಮಳೆ ಕಡಿಮೆಯಿರುವ ಕುಶಾಲನಗರದ ಲೆಕ್ಕವನ್ನು ಅಲ್ಲಿಗೆ ತರಬಾರದು. ಆದರೂ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರುವುದೇ ಸರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಕೊಡಗಿನಲ್ಲಿ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಅದರಲ್ಲಿ ಹೆಚ್ಚಿನದು ಮೋಡದ ಕಾಲ. ನಮಗೆ ಯೂನಿಟ್ ತುಂಬಿಕೊಡುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಅವನು ದಕ್ಷಿಣದಲ್ಲೇ ಇರುತ್ತಾನೆ. ಇಲ್ಲಿನ ತಂಪೂ ಒಂದು ಅನುಕೂಲ: ಬಿಸಿಯೇರಿದಷ್ಟೂ ಪ್ಯಾನೆಲ್‌ನ ಶಕ್ತಿ ಕುಂದುತ್ತದೆ. ಮಳೆ ಮುಗಿದ ಮೇಲೆ ಪಾಚಿ ತೊಳೆಯುವುದನ್ನು ಮಾತ್ರ ಮರೆಯಬಾರದು.

ಇನ್ನು ಬ್ಯಾಟರಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ, ಬ್ಯಾಟರಿಯಿಲ್ಲದೆ ಬರೀ ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕೂಡ ತಾನಾಗಿ ನಿಲ್ಲುತ್ತದೆ. ಲೈನ್ ರಿಪೇರಿಗೆ ಕಂಬ ಹತ್ತಿದವರ ಜೀವ ಕಾಯಲು ಮಾಡಿರುವ ವ್ಯವಸ್ಥೆ ಅದು. ಇದು ಗೊತ್ತಿಲ್ಲದೆ ಹಾಕಿಸಿದವರಿಗೆ ಮೊದಲ ಮಳೆಗಾಲದಲ್ಲೇ ನಿರಾಸೆ. ಬ್ಯಾಟರಿ ಸೇರಿಸಿದರೆ ಖರ್ಚು ಏರುತ್ತದೆ, ಪ್ಯಾನೆಲ್ ಕೊಡುವ ಯೂನಿಟ್ ಏರುವುದಿಲ್ಲ, ಹಾಗಾಗಿ ಎಲ್‌ಸಿಒಇ ಹೆಚ್ಚುತ್ತದೆ. ದೀಪ, ಫ್ರಿಜ್, ಮೊಬೈಲ್‌ಗೆ ಸಾಕಾಗುವಷ್ಟು ಚಿಕ್ಕ ಬ್ಯಾಟರಿ ಇಟ್ಟು, ಆ ಹಣವನ್ನು ನೆಮ್ಮದಿಯ ಖರ್ಚೆಂದು ಬೇರೆಯಾಗಿಯೇ ಬರೆದುಕೊಳ್ಳುವುದು ಒಳ್ಳೆಯದು.

ಕೊಟೇಶನ್ ಕೊಡುವವರಿಂದ ಬೆಲೆಯ ಜೊತೆಗೆ ನಿಮ್ಮ ಮಾಡಿನಲ್ಲಿ, ನಿಮ್ಮ ಮರಗಳ ನೆರಳಿನಲ್ಲಿ ತಿಂಗಳು ತಿಂಗಳಿಗೆ ಎಷ್ಟು ಯೂನಿಟ್ ಬರುತ್ತದೆಂದು ಬರೆಸಿಕೊಳ್ಳಿ. ಜುಲೈ ಮತ್ತು ಫೆಬ್ರವರಿಗೆ ಒಂದೇ ಅಂಕಿ ಬರೆದಿದ್ದರೆ ಅವರು ನಿಮ್ಮ ಮನೆಯ ಲೆಕ್ಕ ಮಾಡಿಲ್ಲ.