ಸಿಲಿಕಾನ್ ಹತ್ತು ಪಟ್ಟು ಹಿಡಿಯುವುದಾದರೆ ಬ್ಯಾಟರಿ ಹತ್ತು ದಿನ ಏಕೆ ಬರುವುದಿಲ್ಲ?

ಪ್ರಶ್ನೆ: ಬ್ಯಾಟರಿಯ ಆನೋಡ್‌ಗೆ ಗ್ರಾಫೈಟ್ ಬದಲು ಸಿಲಿಕಾನ್ ಹಾಕಿದರೆ ಹತ್ತು ಪಟ್ಟು ಚಾರ್ಜ್ ಹಿಡಿಯುತ್ತದೆ ಎಂದು ವರ್ಷಗಳಿಂದ ಓದುತ್ತಿದ್ದೇನೆ. ಹಾಗಿದ್ದರೂ ನನ್ನ ಮೊಬೈಲ್ ಸಂಜೆಯೊಳಗೆ ಸುಸ್ತಾಗುವುದೇಕೆ?

ಉತ್ತರ: ಹತ್ತು ಪಟ್ಟು ಎಂಬುದು ಸುಳ್ಳಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಬಂದು ಕೂರುವ ಬದಿಯೇ ಆನೋಡ್. ಗ್ರಾಫೈಟ್‌ನಲ್ಲಿ ಆರು ಕಾರ್ಬನ್ ಪರಮಾಣುಗಳು ಸೇರಿ ಒಂದು ಲಿಥಿಯಂಗೆ ಜಾಗ ಕೊಡುತ್ತವೆ. ಸಿಲಿಕಾನ್‌ನ ನಾಲ್ಕೇ ಪರಮಾಣುಗಳು 15 ಲಿಥಿಯಂಗಳನ್ನು ಸೇರಿಸಿಕೊಳ್ಳುತ್ತವೆ. ಒಂದು ಗ್ರಾಂ ಹಿಡಿಯುವ ಚಾರ್ಜ್ ಲೆಕ್ಕದಲ್ಲಿ ಗ್ರಾಫೈಟ್‌ಗೆ 372 ಮಿಲಿಆಂಪಿಯರ್ ಅವರ್, ಸಿಲಿಕಾನ್‌ಗೆ ಸುಮಾರು 3,580.

ಅಷ್ಟು ಜನ ನೆಂಟರು ಬಂದರೆ ಮನೆ ಹಿಗ್ಗಬೇಕಲ್ಲ! ಲಿಥಿಯಂ ತುಂಬಿದಾಗ ಗ್ರಾಫೈಟ್ ಶೇ 10ರಷ್ಟು ಉಬ್ಬುತ್ತದೆ. ಸಿಲಿಕಾನ್ ಹತ್ತಿರ ಹತ್ತಿರ ನಾಲ್ಕು ಪಟ್ಟು ಊದಿಕೊಂಡು, ಚಾರ್ಜ್ ಇಳಿದಂತೆ ಮತ್ತೆ ಕುಗ್ಗುತ್ತದೆ. ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟು, ಅಡಿಯಲ್ಲಿರುವ ತಾಮ್ರದ ಹಾಳೆಯಿಂದ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇನ್ನೂ ದೊಡ್ಡ ತಲೆನೋವು ಬೇರೆಯೇ ಇದೆ. ಮೊದಲ ಚಾರ್ಜ್‌ನಲ್ಲೇ ಬ್ಯಾಟರಿಯ ದ್ರಾವಣ ಸ್ವಲ್ಪ ವಿಭಜನೆಗೊಂಡು, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ, ಆನೋಡ್ ಮೇಲೆ ತೆಳು ಪೊರೆಯಾಗಿ ಕೂರುತ್ತದೆ. ಗ್ರಾಫೈಟ್ ಮೇಲೆ ಈ ಪೊರೆ ಹೆಚ್ಚು ಕಡಿಮೆ ಹಾಗೆಯೇ ಉಳಿದು ಆನೋಡನ್ನು ಕಾಯುತ್ತದೆ. ಸಿಲಿಕಾನ್ ಮೇಲಾದರೆ ಪ್ರತಿ ಸಲ ಹರಿದು, ಪ್ರತಿ ಸಲ ಹೊಸದಾಗಿ ಕಟ್ಟುತ್ತದೆ. ಆ ಕೆನೆಗೇ ಲಿಥಿಯಂ ಖರ್ಚಾಗುತ್ತಾ ಹೋಗುತ್ತದೆ.

ನ್ಯಾನೋ ಕಣಗಳು ಬಂದದ್ದು ಇಲ್ಲಿ. ಸುಮಾರು 150 ನ್ಯಾನೋಮೀಟರಿಗಿಂತ ಸಣ್ಣ ಸಿಲಿಕಾನ್ ಕಣ ಉಬ್ಬಿದರೂ ಒಡೆಯುವುದಿಲ್ಲ ಎಂಬುದನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ 2012ರಲ್ಲಿ ಪ್ರಕಟಿಸಿದರು. ಆದರೆ ಪುಡಿ ನುಣುಪಾದಷ್ಟೂ ಅದರ ಮೇಲ್ಮೈ ಹೆಚ್ಚು, ಕಟ್ಟುವ ಕೆನೆಯೂ ಹೆಚ್ಚು. ಆದ್ದರಿಂದ ಬರೀ ಸಿಲಿಕಾನ್ ಸಾಲದು, ಕಾರ್ಬನ್ ಜತೆಗಿರಬೇಕು. ನನಗೆ ಬಹಳ ಹಿಡಿಸಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಯಿ ಕುಯಿ ಅವರ ತಂಡ 2014ರಲ್ಲಿ ಮಾಡಿದ ‘ದಾಳಿಂಬೆ’. ಒಂದೊಂದು ಸಿಲಿಕಾನ್ ಕಣಕ್ಕೂ ಒಂದೊಂದು ಕಾರ್ಬನ್ ಗೂಡು, ಒಳಗೆ ಉಬ್ಬಲು ಖಾಲಿ ಜಾಗ. ಇಂಥ ಕಾಳುಗಳ ಗೊಂಚಲಿಗೆ ಹೊರಗಿನಿಂದ ಮತ್ತೊಂದು ಕಾರ್ಬನ್ ಸಿಪ್ಪೆ. ದ್ರಾವಣ ತಾಗುವುದು ಸಿಪ್ಪೆಗೆ, ಕೆನೆ ಕಟ್ಟುವುದೂ ಅಲ್ಲೇ. ಪ್ರಯೋಗಾಲಯದ ಸೆಲ್‌ನಲ್ಲಿ 1,000 ಸಲ ಚಾರ್ಜ್ ಮಾಡಿದ ಮೇಲೂ ಶೇ 97ರಷ್ಟು ಸಾಮರ್ಥ್ಯ ಉಳಿದಿತ್ತು.

ಇಷ್ಟಾದರೂ ಹತ್ತು ಪಟ್ಟು ಕೈಗೆ ಸಿಗದು. ಬ್ಯಾಟರಿಯ ಇನ್ನೊಂದು ಬದಿಯಲ್ಲಿ ಕ್ಯಾಥೋಡ್ ಇದೆಯಲ್ಲ, ಲಿಥಿಯಂ ಹೊರಡುವುದು ಅಲ್ಲಿಂದ; ಅದು ಗ್ರಾಂಗೆ 180 ಮಿಲಿಆಂಪಿಯರ್ ಅವರ್ ಆಸುಪಾಸಿನಲ್ಲೇ ನಿಂತಿದೆ. ಎರಡೂ ಬದಿಯ ತೂಕ ಸೇರಿಸಿ ಲೆಕ್ಕ ಹಾಕಿ: ಆನೋಡ್ ಪೂರ್ತಿ ಸಿಲಿಕಾನ್ ಆದರೂ ಒಟ್ಟು ಲಾಭ ಶೇ 40ರಷ್ಟೇ. ಅದೂ ಕಾಗದದ ಮೇಲೆ. ಉಬ್ಬಲು ಬಿಡುವ ಖಾಲಿ ಜಾಗವನ್ನು ಇಲ್ಲಿ ಹಿಡಿದಿಲ್ಲ. ಹೆಚ್ಚಿನ ಕಂಪನಿಗಳು ಸದ್ಯಕ್ಕೆ ಗ್ರಾಫೈಟ್‌ಗೆ ಒಂದಿಷ್ಟು ಸಿಲಿಕಾನ್-ಕಾರ್ಬನ್ ಬೆರೆಸುತ್ತವೆ, ಅಷ್ಟೇ. 2023ರ ಆನರ್ ಮ್ಯಾಜಿಕ್5 ಪ್ರೊ ಫೋನನ್ನೇ ನೋಡಿ: ಚೀನಾದಲ್ಲಿ ಮಾರಿದ ಸಿಲಿಕಾನ್-ಕಾರ್ಬನ್ ಮಾದರಿಯಲ್ಲಿ 5,450 ಮಿಲಿಆಂಪಿಯರ್ ಅವರ್, ಹೊರದೇಶಗಳಿಗೆ ಕಳಿಸಿದ್ದರಲ್ಲಿ 5,100.