ಏರ್ ಕೂಲ್ಡ್: ಗಾಳಿಗೆ ತಣ್ಣಗಾಗುವ ಕಾರಿಗೆ ಕೋಟಿ ಬೆಲೆ ಯಾಕೆ?

ಬಳ್ಳಾರಿಯ ಯಾವ ಬೈಕ್ ಗ್ಯಾರೇಜಿನಲ್ಲಿ ಕೇಳಿದರೂ ‘ಏರ್ ಕೂಲ್ಡ್’ ಅಂದರೆ ಏನು ಅಂತ ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ. ಬೋರ್, ಅಂದರೆ ಸಿಲಿಂಡರ್ ಸುತ್ತ ಫಿನ್ಸ್ ಎನ್ನುವ ತೆಳು ಲೋಹದ ಪಟ್ಟಿಗಳು ಇರುತ್ತವೆ. ಗಾಡಿ ಓಡುವಾಗ ಬೀಸುವ ಗಾಳಿಯೇ ಇಂಜಿನ್ನಿನ ಬಿಸಿ ಹೊತ್ತುಕೊಂಡು ಹೋಗುತ್ತದೆ. ಬುಲೆಟ್ ಹಾಗೆ, ಹಳೆಯ ಯೆಜ್ಡಿ ಹಾಗೆ, ಆರ್‌ಎಕ್ಸ್ 100 ಕೂಡ ಹಾಗೆ. ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಹಳೆಯ ಐಷರ್ ಟ್ರ್ಯಾಕ್ಟರ್ ನೆನಪಾಗಬಹುದು. ರೇಡಿಯೇಟರ್‌ಗೆ ನೀರು ಹಾಕುವ ಕೆಲಸವೇ ಇಲ್ಲದ ಟ್ರ್ಯಾಕ್ಟರ್ ಅದು.

ಇದೇ ಮಾತು ಹಳೆಯ ಕಾರುಗಳ ಹರಾಜಿನಲ್ಲಿ ಕೇಳಿಬಂದರೆ ಅರ್ಥ ಬೇರೆ. ಅಲ್ಲಿ ‘ಏರ್ ಕೂಲ್ಡ್’ ಅಂದರೆ ಹೆಚ್ಚುಕಡಿಮೆ ಒಂದೇ ಕಂಪನಿ, ಒಂದೇ ಕಾಲ: ಜರ್ಮನಿಯ ಸ್ಪೋರ್ಟ್ಸ್ ಕಾರು ಕಂಪನಿ ಪೋರ್ಷೆ, 1998ರವರೆಗೆ. ಬೀಟಲ್, ಫಿಯಟ್ 500, ಸಿಟ್ರೊಯೆನ್ 2ಸಿವಿ ಎಲ್ಲವೂ ಏರ್ ಕೂಲ್ಡ್ ಕಾರುಗಳೇ. ಆದರೆ ಅವನ್ನು ಕೊಳ್ಳುವವರು ಅವುಗಳ ಹೆಸರು ಹೇಳಿ ಹುಡುಕುತ್ತಾರೆ. ಸುಮ್ನೆ ‘ಏರ್ ಕೂಲ್ಡ್ ಬೇಕು’ ಅಂದವನಿಗೆ ಬೇಕಿರುವುದು ಸಾಮಾನ್ಯವಾಗಿ ಪೋರ್ಷೆಯ ಹಳೆಯ 911 ಮಾದರಿ, ಇಲ್ಲವೇ ಅದಕ್ಕೂ ಹಿಂದಿನ 356.

ಮೊದಲು ಯಂತ್ರ ನೋಡೋಣ. ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಸಿಗುವುದು ಕಾಲುಭಾಗವೋ ಮೂರನೇ ಒಂದು ಭಾಗವೋ ಅಷ್ಟೇ. ಉಳಿದದ್ದು ಬಿಸಿ. ಅದರಲ್ಲಿ ಒಂದಿಷ್ಟು ಸೈಲೆನ್ಸರ್ ಮೂಲಕ ಹೋಗುತ್ತದೆ, ಇನ್ನುಳಿದದ್ದನ್ನು ಇಂಜಿನ್ನಿನ ಮೈಯಿಂದ ತೆಗೆಯಬೇಕು. ಈಗಿನ ಕಾರುಗಳಲ್ಲಿ ನೀರು ಆ ಬಿಸಿಯನ್ನು ರೇಡಿಯೇಟರ್‌ಗೆ ಒಯ್ಯುತ್ತದೆ, ಅಲ್ಲಿ ಗಾಳಿ ತೆಗೆದುಕೊಳ್ಳುತ್ತದೆ. ಏರ್ ಕೂಲ್ಡ್‌ನಲ್ಲಿ ನಡುವಿನ ನೀರು ಇಲ್ಲ, ಗಾಳಿ ನೇರವಾಗಿ ಸಿಲಿಂಡರ್ ಫಿನ್ಸ್ ಮೇಲೆಯೇ ಹಾಯುತ್ತದೆ. ಭಾಗ ಕಡಿಮೆ, ತೂಕ ಕಡಿಮೆ. ನೀರು ಸೋರುವ ಭಯವಿಲ್ಲ, ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುವ ಭಯವೂ ಇಲ್ಲ.

ಬೈಕಿನ ಇಂಜಿನ್ ಎದುರುಗಾಳಿಗೆ ಮೈಯೊಡ್ಡಿ ಕೂತಿರುತ್ತದೆ. 911ರ ಇಂಜಿನ್ ಇರುವುದು ಕಾರಿನ ಹಿಂಬದಿಯಲ್ಲಿ, ಮುಚ್ಚಳದ ಕೆಳಗೆ. ಅಲ್ಲಿಗೆ ಗಾಳಿ ತಾನಾಗಿ ಬರುವುದಿಲ್ಲ. ಅದಕ್ಕೆ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್ ಇಟ್ಟರು. ಮೂರು ಸಿಲಿಂಡರ್ ಎಡಕ್ಕೆ, ಮೂರು ಬಲಕ್ಕೆ ಮಲಗಿರುತ್ತವೆ, ಫ್ಯಾನಿನ ಗಾಳಿ ತಗಡಿನ ಕವಚದೊಳಗಿಂದ ಆರಕ್ಕೂ ಹಂಚಿಕೆಯಾಗುತ್ತದೆ. ಸಾಕಷ್ಟು ಕೆಲಸ ಆಯಿಲ್‌ನದು. ಈ ಇಂಜಿನ್ನಿಗೆ ಸುಮಾರು 10 ಲೀಟರ್ ಆಯಿಲ್ ಬೇಕು, ನಮ್ಮ ಸಣ್ಣ ಕಾರುಗಳಿಗೆ 3-4 ಲೀಟರ್ ಸಾಕು. ಆ ಆಯಿಲ್ ಬೇರೆ ಟ್ಯಾಂಕಿನಲ್ಲಿ ನಿಂತು, ಕೂಲರ್‌ನಲ್ಲಿ ಹಾದು ತಣ್ಣಗಾಗಿ ಮತ್ತೆ ಇಂಜಿನ್ನಿಗೆ ಬರುತ್ತದೆ. ಹೆಸರು ಏರ್ ಕೂಲ್ಡ್, ನಿಜದಲ್ಲಿ ಗಾಳಿ ಮತ್ತು ಆಯಿಲ್ ಎರಡರ ಕೆಲಸ.

ಇಲ್ಲಿ ನಮ್ಮ ಕಡೆಯವರಿಗೆ ಏಳುವ ಪ್ರಶ್ನೆ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಗಾಳಿಯೇ 42 ಡಿಗ್ರಿ. ಆ ಗಾಳಿ ಏನು ತಣ್ಣಗೆ ಮಾಡೀತು? ಲೆಕ್ಕ ಹಾಕಿದರೆ ಉತ್ತರ ನಾವು ಅಂದುಕೊಂಡದ್ದಕ್ಕಿಂತ ಬೇರೆ. ಬಿಸಿ ಎಷ್ಟು ವೇಗವಾಗಿ ಹೋಗುತ್ತದೆ ಅನ್ನುವುದು ಬಿಸಿಯ ವಸ್ತುವಿಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ರೇಡಿಯೇಟರ್ ನೀರು 90 ಡಿಗ್ರಿ ಎಂದಿಟ್ಟುಕೊಳ್ಳಿ. 20 ಡಿಗ್ರಿ ಗಾಳಿಯಲ್ಲಿ ಅಂತರ 70, ನಮ್ಮ 42 ಡಿಗ್ರಿಯಲ್ಲಿ 48. ಸುಮಾರು ಮೂರನೇ ಒಂದು ಭಾಗ ಹೋಯಿತು. ಫಿನ್ಸ್ ಇರುವ ಹೆಡ್, ಅಂದರೆ ಸಿಲಿಂಡರಿನ ತುದಿ ಮುಚ್ಚುವ ಭಾಗ, 200 ಡಿಗ್ರಿ ಎಂದಿಟ್ಟುಕೊಳ್ಳಿ. ಅಂತರ 180ರಿಂದ 158ಕ್ಕೆ ಇಳಿಯುತ್ತದೆ, ಎಂಟನೇ ಒಂದು ಭಾಗದಷ್ಟೇ. ಸುಡುಬಿಸಿಲಿನಿಂದ ಏರ್ ಕೂಲ್ಡ್ ಇಂಜಿನ್ನಿಗೆ ಆಗುವ ನಷ್ಟ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬೀಟಲ್ ಇಂಜಿನ್ನಿನ ಗಾಡಿಗಳನ್ನು ಉತ್ತರ ಆಫ್ರಿಕಾದ ಮರಳಿನಲ್ಲಿ ಓಡಿಸಿತ್ತು. ನೀರೇ ಸಿಗದ ಕಡೆ ನೀರು ಕೇಳದ ಇಂಜಿನ್.

ತೊಂದರೆ ಇರುವುದು ನಿಂತಾಗ. ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದಾಗ ಬುಲೆಟ್ ಆಫ್ ಮಾಡದೆ ನಿಲ್ಲಿಸಿಕೊಂಡವರಿಗೆ ಗೊತ್ತು, ಎರಡೇ ನಿಮಿಷಕ್ಕೆ ಮೊಣಕಾಲಿಗೆ ಝಳ ಹೊಡೆಯುತ್ತದೆ. ಪೋರ್ಷೆಗೆ ಫ್ಯಾನ್ ಇದೆ ನಿಜ, ಆದರೆ ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ.

ಇಷ್ಟೆಲ್ಲ ಗುಣ ಇದ್ದೂ ಯಾಕೆ ನಿಲ್ಲಿಸಿದರು? 911 ಮೊದಲು ಕಾಣಿಸಿದ್ದು 1963ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ. ಆಗ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದು ಅಂತ ಫ್ರಾನ್ಸಿನ ಪೇಜೋ ಕಾರು ಕಂಪನಿ ತಕರಾರು ತೆಗೆದಿದ್ದಕ್ಕೆ 911 ಆಯಿತು. 2 ಲೀಟರ್, 130 ಹಾರ್ಸ್ ಪವರ್. ಅದೇ ಮೂಲ ವಿನ್ಯಾಸ ದೊಡ್ಡದಾಗುತ್ತಾ ಮೂವತ್ತೈದು ವರ್ಷ ನಡೆಯಿತು. ರೇಸಿನಲ್ಲೂ ಸೋತಿರಲಿಲ್ಲ. 1970, 1971ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದ ಪೋರ್ಷೆ 917ರ ಹನ್ನೆರಡು ಸಿಲಿಂಡರ್ ಇಂಜಿನ್ ಕೂಡ ಏರ್ ಕೂಲ್ಡ್.

ಆದರೆ ಕಾನೂನು ಬಿಗಿಯಾಯಿತು. ಹೊಗೆ ಕಡಿಮೆ ಮಾಡಿ ಪವರ್ ಹೆಚ್ಚಿಸಬೇಕಾದರೆ ಒಂದೊಂದು ಸಿಲಿಂಡರಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್ ನಾಲ್ಕು ಬೇಕು. ಅಷ್ಟು ವಾಲ್ವ್ ತುಂಬಿದ ಹೆಡ್‌ನಲ್ಲಿ ಬಿಸಿ ಒಂದೇ ಕಡೆ ಕೂಡಿಕೊಳ್ಳುತ್ತದೆ, ಗಾಳಿಗೆ ಅಲ್ಲಿಗೆ ತಲುಪಲು ಜಾಗವಿಲ್ಲ. 1986ರ 959 ಎಂಬ ಮಾದರಿಯಲ್ಲಿ ಪೋರ್ಷೆಯವರೇ ರಾಜಿ ಮಾಡಿಕೊಂಡಿದ್ದರು: ಸಿಲಿಂಡರಿಗೆ ಗಾಳಿ, ಹೆಡ್‌ಗೆ ನೀರು. ಸದ್ದಿನ ನಿಯಮವೂ ಬಂತು. ಸಿಲಿಂಡರ್ ಸುತ್ತ ನೀರು ತುಂಬಿದ ಜಾಕೆಟ್ ಇಂಜಿನ್ನಿನ ಒಳಗಿನ ಟಕಟಕ ಸದ್ದನ್ನು ನುಂಗುತ್ತದೆ, ಫಿನ್ಸ್ ನುಂಗುವುದಿಲ್ಲ. 1997ರಲ್ಲಿ ನೀರಿನ ಇಂಜಿನ್ನಿನ ಹೊಸ 911 ಬಂತು, ಅದರ ಒಳಹೆಸರು 996. 1998ರಲ್ಲಿ 911ರ ಕೊನೆಯ ಏರ್ ಕೂಲ್ಡ್ ಮಾದರಿ 993 ನಿಂತಿತು.

ಬೆಲೆಯ ಕಥೆ ಶುರುವಾಗುವುದೇ ಈ ‘ನಿಂತಿತು’ ಅನ್ನುವಲ್ಲಿ. ನನ್ನ ಪ್ರಕಾರ ಬೆಲೆ ಏರಿದ್ದು ಗಾಳಿಯ ಕೂಲಿಂಗ್ ಉತ್ತಮ ಅನ್ನುವುದಕ್ಕಲ್ಲ. ನೀರಿನ 996 ಹೆಚ್ಚು ಪವರ್‌ನದು, ವೇಗವೂ ಜಾಸ್ತಿ. ಏರಿದ್ದು ಲೆಕ್ಕ ಮುಗಿದು ಹೋಗಿದ್ದಕ್ಕೆ. ಪೋರ್ಷೆ ಹತ್ತು ಲಕ್ಷದ 911 ತಯಾರಿಸಿದ್ದು 2017ರಲ್ಲಿ. ಅಷ್ಟರಲ್ಲಿ ಏರ್ ಕೂಲ್ಡ್ ಸುಮಾರು 4 ಲಕ್ಷ ಮಾತ್ರ. ಆ 4 ಲಕ್ಷದಲ್ಲಿ ಅಪಘಾತಕ್ಕೆ, ತುಕ್ಕಿಗೆ, ರೇಸಿಗೆ ಹೋದವು ಹೋದವು. ಹೊಸದು ಸೇರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಜೋಡಿ ಬೇಕೆಂದರೆ ಆರ್‌ಎಕ್ಸ್ 100 ಇದೆ. 1985ರಿಂದ 1996ರವರೆಗೆ ಬಂದ ಟೂ ಸ್ಟ್ರೋಕ್ ಬೈಕ್. ಹೊಗೆಯ ನಿಯಮ ಬಿಗಿಯಾದಂತೆ ಟೂ ಸ್ಟ್ರೋಕ್ ಕಾಲವೇ ಮುಗಿಯಿತು. ಒಂದು ಕಾಲಕ್ಕೆ ಗುಜರಿಗೆ ಹಾಕಿದ ಗಾಡಿಯನ್ನು ಇವತ್ತು ಕೌಲ್ ಬಜಾರಿನಲ್ಲೋ ಕೊಪ್ಪಳದಲ್ಲೋ ಹುಡುಗರು ಹುಡುಕಿಕೊಂಡು ಹೋಗಿ ಲಕ್ಷದ ಮಾತಾಡುತ್ತಾರೆ. ಮೈಲೇಜ್ ನೋಡಿ ಯಾರೂ ಆರ್‌ಎಕ್ಸ್ ಕೊಳ್ಳುವುದಿಲ್ಲ. ಆ ಸದ್ದಿಗೆ, ಆ ಪಿಕಪ್‌ಗೆ, ಅಪ್ಪನೋ ಮಾವನೋ ಓಡಿಸುತ್ತಿದ್ದರು ಅನ್ನುವುದಕ್ಕೆ ಕೊಳ್ಳುತ್ತಾರೆ. 911 ಕೊಳ್ಳುವ ಅಮೆರಿಕದವನ ಮನಸ್ಸೂ ಅದೇ, ದುಡ್ಡು ಮಾತ್ರ ಬೇರೆ.

993 ನಿಂತ ಮೇಲೆ ಮೊದಲ ಹತ್ತು-ಹನ್ನೆರಡು ವರ್ಷ ಇಂಥ ಗಲಾಟೆ ಇರಲಿಲ್ಲ. ಎರಡು ಸಾವಿರದ ದಶಕದಲ್ಲಿ ಎಂಬತ್ತರ ದಶಕದ 911 ಅಂದರೆ ಒಂದು ಹಳೆಯ ಕಾರು ಅಷ್ಟೇ. 1989ರಿಂದ 1994ರವರೆಗೆ ಬಂದ, 911ರದ್ದೇ ಆದ 964 ಮಾದರಿಯನ್ನಂತೂ ಹೆಚ್ಚಿನವರು ಮೂಸಿಯೂ ನೋಡುತ್ತಿರಲಿಲ್ಲ. 2010ರ ನಂತರ ಬೆಲೆ ಏರತೊಡಗಿತು, 2014-15ರ ಹೊತ್ತಿಗೆ ಜಿಗಿಯಿತು. ಕಾರಣ ಹಲವು. ಹುಡುಗರಾಗಿದ್ದಾಗ ಗೋಡೆಗೆ 911 ಪೋಸ್ಟರ್ ಅಂಟಿಸಿಕೊಂಡಿದ್ದವರು ಕೈತುಂಬ ಸಂಪಾದಿಸುವ ವಯಸ್ಸಿಗೆ ಬಂದರು. 2008ರ ಕುಸಿತದ ನಂತರ ಬಡ್ಡಿ ತೀರಾ ಕಡಿಮೆಯಾಗಿ, ದುಡ್ಡಿದ್ದವರು ಪೇಂಟಿಂಗ್, ವಾಚು, ಹಳೆಯ ಕಾರುಗಳತ್ತ ತಿರುಗಿದರು. ಆನ್‌ಲೈನ್ ಹರಾಜು ಬಂದು, ಊರಾಚೆ ಶೆಡ್ಡಿನಲ್ಲಿದ್ದ ಕಾರು ಪ್ರಪಂಚದ ಎಲ್ಲ ಕೊಳ್ಳುವವರ ಕಣ್ಣಿಗೆ ಬಿತ್ತು. 996ರ ಹೆಡ್‌ಲೈಟ್ ಬಹಳ ಜನರಿಗೆ ಹಿಡಿಸದೆ ಹೋದದ್ದೂ ಹಳೆಯದಕ್ಕೆ ಲಾಭವೇ ಆಯಿತು.

ಅದರ ಜೊತೆ ಈ ಕಾರುಗಳ ಸುತ್ತ ಒಂದು ಬಳಗವೇ ಬೆಳೆಯಿತು. 2009ರಲ್ಲಿ ರಾಬ್ ಡಿಕಿನ್ಸನ್ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಸಿಂಗರ್ ಕಂಪನಿ ಗಿರಾಕಿಯ 964 ತೆಗೆದುಕೊಂಡು, ಬಿಚ್ಚಿ, ಹಳೆಯ ರೂಪ ಕೊಟ್ಟು ಹೊಸದಾಗಿ ಕಟ್ಟುತ್ತದೆ. ಯಾರಿಗೂ ಬೇಡವಾಗಿದ್ದ ಮಾದರಿಗೆ ಬೇಡಿಕೆ ಬಂತು. 2014ರಲ್ಲಿ ರೇಸರ್ ಪ್ಯಾಟ್ರಿಕ್ ಲಾಂಗ್ ಮತ್ತು ಜೊತೆಗಾರರು ಏರ್ ಕೂಲ್ಡ್ ಪೋರ್ಷೆಗಳಿಗೆಂದೇ ‘ಲುಫ್ಟ್‌ಗೆಕ್ಯೂಲ್ಟ್’ ಎಂಬ ಮೇಳ ಶುರು ಮಾಡಿದರು. ಜರ್ಮನ್ ಭಾಷೆಯಲ್ಲಿ ಅದರ ಅರ್ಥವೂ ಏರ್ ಕೂಲ್ಡ್ ಅಂತಲೇ.

ಬೆಲೆ ಎಲ್ಲಿಗೆ ಮುಟ್ಟಿತು ಅಂದರೆ, 2016ರಲ್ಲಿ ಲಂಡನ್ ಹರಾಜಿನಲ್ಲಿ 993ರ ಜಿಟಿ2 ಅನ್ನುವ ಅಪರೂಪದ ಮಾದರಿ 18 ಲಕ್ಷ ಪೌಂಡ್ ದಾಟಿತು. ಇದಕ್ಕಿಂತ ಮಜಾ 2018ರದ್ದು. ಪೋರ್ಷೆಯವರು ತಮ್ಮಲ್ಲಿ ಉಳಿದಿದ್ದ ಒಂದು 993 ಬಾಡಿ ತೆಗೆದು, ಆ ಮಾದರಿಯ ತಯಾರಿ ನಿಲ್ಲಿಸಿ ಇಪ್ಪತ್ತು ವರ್ಷ ಆದ ಮೇಲೆ ಒಂದೇ ಒಂದು ಹೊಸ ಟರ್ಬೊ ಕಟ್ಟಿದರು. ಬಣ್ಣ ಚಿನ್ನದ್ದು, ಹೆಸರು ‘ಪ್ರಾಜೆಕ್ಟ್ ಗೋಲ್ಡ್’. ರಸ್ತೆಯಲ್ಲಿ ಓಡಿಸಲು ಪರವಾನಗಿ ಇಲ್ಲದ ಕಾರು. ಅಟ್ಲಾಂಟಾ ಹರಾಜಿನಲ್ಲಿ 31 ಲಕ್ಷ ಡಾಲರ್‌ಗೆ ಹೋಯಿತು. ಆ ಹಣ ದತ್ತಿ ಸಂಸ್ಥೆಗೆ ಎಂದು ಮೊದಲೇ ಹೇಳಿದ್ದರು, ಅದಕ್ಕೂ ಬಿಡ್ಡು ಮೇಲೇರಿರಬಹುದು. ಆದರೂ ಓಡಿಸಲಾಗದ ಕಾರಿಗೆ 31 ಲಕ್ಷ ಡಾಲರ್, ಅಲ್ವಾ?

ಎಲ್ಲ ಹಳೆಯ 911ಗೂ ಹೀಗೆ ಬೆಲೆ ಇದೆ ಅಂದುಕೊಳ್ಳಬೇಡಿ. ಮಾರುಕಟ್ಟೆಯಲ್ಲಿ ಎರಡು ಕಾರು ಪಕ್ಕಪಕ್ಕ ಒಂದೇ ಥರ ಕಂಡರೂ ಬೆಲೆ ಅರ್ಧಕ್ಕರ್ಧ ಬೇರೆ ಇರುತ್ತದೆ. ಮೊದಲು ಕೇಳುವುದು ‘ಮ್ಯಾಚಿಂಗ್ ನಂಬರ್ಸ್’. ಕಾರ್ಖಾನೆಯಿಂದ ಬಂದಾಗ ಇದ್ದ ಇಂಜಿನ್ನೇ ಈಗಲೂ ಇದೆಯಾ, ಚಾಸಿ ನಂಬರಿಗೂ ಇಂಜಿನ್ ನಂಬರಿಗೂ ಕಂಪನಿ ದಾಖಲೆಯಲ್ಲಿ ಹೊಂದಾಣಿಕೆ ಇದೆಯಾ ಅಂತ. ಆಮೇಲೆ ತುಕ್ಕು. 1976ರ ಮಾದರಿಯಿಂದ ಪೋರ್ಷೆ ಸತುವಿನ ಲೇಪನವಿರುವ ಉಕ್ಕು ಬಳಸಿತು. ಅದಕ್ಕೂ ಹಿಂದಿನ ಕಾರುಗಳಿಗೆ ತುಕ್ಕು ಬಲುಬೇಗ ಹಿಡಿಯುತ್ತದೆ, ಮೇಲೆ ಪೇಂಟ್ ಹೊಳೆಯುತ್ತಿದ್ದರೂ ಒಳಗೆ ಟಿಂಕರಿಂಗ್ ಎಷ್ಟಾಗಿದೆ ಅಂತ ಕೆಳಗೆ ಮಲಗಿ ನೋಡಬೇಕು. ಎಪ್ಪತ್ತರ ದಶಕದ ನಡುವಿನ 2.7 ಲೀಟರ್ ಇಂಜಿನ್ನಿನ ನಡುಪೆಟ್ಟಿಗೆಗೆ, ಅಂದರೆ ಮೆಗ್ನೀಷಿಯಂ ಕ್ರ್ಯಾಂಕ್‌ಕೇಸಿಗೆ ಬಿಸಿ ತಡೆಯಲಾಗದೆ, ಸಿಲಿಂಡರ್ ಬಿಗಿದಿಡುವ ಸ್ಟಡ್ ಕಿತ್ತು ಬರುವ ಖಾಯಿಲೆ ಇದೆ. ಅದೇ 2.7ರ ಹೆಸರಿನ 1973ರ ಕರೇರಾ ಆರ್‌ಎಸ್ ಮಾತ್ರ ಎಲ್ಲರಿಗೂ ಬೇಕು. ತಯಾರಾದದ್ದು 1,580. ಮಾಮೂಲಿ 911ಗೆ ಬಾತುಕೋಳಿಯ ಬಾಲದಂಥ ಆ ಹಿಂಬದಿ ರೆಕ್ಕೆ ಕೂರಿಸಿ ಆರ್‌ಎಸ್ ವೇಷ ಹಾಕಿದ ಕಾರುಗಳು ಎಷ್ಟೋ ಓಡಾಡುತ್ತಿವೆ. ಅದಕ್ಕೇ ದಾಖಲೆ ಇಲ್ಲದ ಆರ್‌ಎಸ್ ಅನ್ನು ಬಲ್ಲವರು ಕೈಯಲ್ಲೂ ಮುಟ್ಟುವುದಿಲ್ಲ.

ಬೆಲೆ ಒಂದೇ ದಿಕ್ಕಿಗೆ ಹೋಗುತ್ತದೆ ಅನ್ನುವುದೂ ಸುಳ್ಳು. 2015ರ ಜಿಗಿತದ ನಂತರ ಮಾಮೂಲಿ ಮಾದರಿಗಳು ತಣ್ಣಗಾದವು. ಕೋವಿಡ್ ಕಾಲದಲ್ಲಿ ಮತ್ತೆ ಏರಿ, ಬಡ್ಡಿ ಹೆಚ್ಚಿದ ಮೇಲೆ ಮತ್ತೆ ನಿಧಾನವಾದವು. ಅದಿರಿನ ಬೆಲೆ ಏರಿದ್ದನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತದ್ದನ್ನೂ ಕಂಡ ಬಳ್ಳಾರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಪರೂಪದವು ಮಾತ್ರ ಬೆಲೆ ಕಾಯ್ದುಕೊಂಡವು.

ಇನ್ನು ಇಂಥದ್ದೊಂದನ್ನು ಇಲ್ಲಿಗೆ ತರಬಹುದಾ? ದುಡ್ಡಿಗಿಂತ ಕಾನೂನೇ ದೊಡ್ಡ ತಡೆ. ಮೂರು ವರ್ಷ ದಾಟಿದ ಸೆಕೆಂಡ್ ಹ್ಯಾಂಡ್ ಕಾರನ್ನು ಹೊರದೇಶದಿಂದ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಐವತ್ತು ವರ್ಷ ದಾಟಿದವುಗಳ ಲೆಕ್ಕ ಬೇರೆ. ಅವುಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿತು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36 ಬದಲು ರಾಜ್ಯದ ಅಕ್ಷರದ ನಂತರ ‘ವಿಎ’ ಇರುವ ಪ್ಲೇಟ್ ಬರುತ್ತದೆ. ದಿನವೂ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. 1973ರ ಆರ್‌ಎಸ್ ಈಗಾಗಲೇ ಆ ವಯಸ್ಸು ದಾಟಿದೆ. 1998ರ ಕೊನೆಯ 993ಕ್ಕೆ ವಿಎ ಪ್ಲೇಟ್ ಬೇಕೆಂದರೆ 2048ರವರೆಗೆ ಕಾಯಬೇಕು.