ಟೆಸ್ಟ್ ಪಾಸಾಗದೆ ಪ್ಯಾಕೇಜ್ ಹಾಕಬಹುದೇ?

ಪ್ರಶ್ನೆ: ಪರ್ಲ್ ಭಾಷೆಯ ಮಾಡ್ಯೂಲ್‌ಗಳ (ಸಿದ್ಧ ಕೋಡ್ ಕಟ್ಟುಗಳ) ಭಂಡಾರವಾದ ಸಿಪ್ಯಾನ್‌ನಿಂದ ಒಂದನ್ನು ಹಾಕುವಾಗ ಅದರ ಟೆಸ್ಟ್‌ಗಳು (ಕೋಡ್ ಸರಿಯಿದೆಯೇ ಎಂದು ನೋಡುವ ಪ್ರೋಗ್ರಾಂಗಳು) ಓಡಿ ಮುಗಿಯುವವರೆಗೂ ಕಾಯಬೇಕು. ಒಂದು ಫೇಲಾದರೂ ಇನ್‌ಸ್ಟಾಲ್ ನಿಂತುಹೋಗುತ್ತದೆ. ಪೈಥಾನ್ ಭಾಷೆಯ ಇನ್‌ಸ್ಟಾಲರ್ ಪಿಪ್‌ನಲ್ಲಿ ಈ ರಗಳೆಯೇ ಇಲ್ಲ. ಟೆಸ್ಟ್ ಬಿಟ್ಟು ಹಾಕಿದರೆ ತೊಂದರೆಯೇ?

ಉತ್ತರ: ಸರ್ವರ್‌ಗೆ ಹಾಕುವುದಾದರೆ ಒಮ್ಮೆಯಾದರೂ ಓಡಿಸಿ. ಬರೆದವರು ಓಡಿಸಿಯೇ ಬಿಟ್ಟಿರುತ್ತಾರಲ್ಲ ಎನ್ನಬಹುದು. ನಿಜ, ಆದರೆ ಅವರು ಓಡಿಸಿದ್ದು ಅವರ ಯಂತ್ರದಲ್ಲಿ, ಅವರ ಪರ್ಲ್ ಆವೃತ್ತಿಯಲ್ಲಿ, ಅವರಲ್ಲಿದ್ದ ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣದ ಲೈಬ್ರರಿ) ಜೊತೆ. ನಿಮ್ಮಲ್ಲಿ ಈ ಮೂರೂ ಬೇರೆ ಇರಬಹುದು.

2013ರಲ್ಲಿ ಪರ್ಲ್ 5.18 ಬಂದಾಗ ಆದದ್ದನ್ನೇ ನೋಡಿ. ಹ್ಯಾಶ್‌ನ (ಹೆಸರಿಗೊಂದು ಮೌಲ್ಯ ಜೋಡಿಸಿಡುವ ಪಟ್ಟಿಯ) ಕೀಗಳು, ಅಂದರೆ ಆ ಹೆಸರುಗಳು, ಹೊರಬರುವ ಕ್ರಮ ಪ್ರೋಗ್ರಾಂ ಓಡಿದಾಗಲೆಲ್ಲ ಬದಲಾಗುವಂತೆ ಮಾಡಿದರು. ಆ ಕ್ರಮವನ್ನು ನೆಚ್ಚಬೇಡಿ ಎಂದು ಕೈಪಿಡಿ ಮೊದಲೇ ಹೇಳಿತ್ತು. ಆದರೂ ಎಷ್ಟೋ ಮಾಡ್ಯೂಲ್‌ಗಳು ಬರೆದವರಿಗೇ ಗೊತ್ತಿಲ್ಲದಂತೆ ಅದನ್ನು ನೆಚ್ಚಿಕೊಂಡಿದ್ದವು. ಒಂದಕ್ಷರವೂ ಬದಲಾಗದ ಹಳೆಯ ಕೋಡ್ ಹೊಸ ಪರ್ಲ್ ಮೇಲೆ ‘ನಾಟ್ ಓಕೆ’ (ಟೆಸ್ಟ್ ಫೇಲ್) ಎಂದಿತು. ಒಮ್ಮೆ ಓಡಿಸಿದರೆ ಪಾಸು, ಮತ್ತೆ ಓಡಿಸಿದರೆ ಫೇಲು. ಟೆಸ್ಟ್ ಬಿಟ್ಟು ಹಾಕಿದವರಿಗೆ ಇದೇ ತಪ್ಪು ಯಾವುದೋ ವರದಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವಂಥದ್ದು. ಅಂಥದ್ದನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಹುಡುಕಿದವರಿಗೆ ಗೊತ್ತು.

ಹಾಗೆಂದು ಫೇಲಾದದ್ದೆಲ್ಲ ಮಾಡ್ಯೂಲಿನ ದೋಷವಲ್ಲ. ‘ಓದಲು ಅನುಮತಿಯಿಲ್ಲದ ಫೈಲ್ ತೆರೆದರೆ ಎರರ್ ಬರಬೇಕು’ ಎಂದು ನೋಡುವ ಟೆಸ್ಟ್ ಇದೆ ಎನ್ನಿ. ನೀವು ರೂಟ್ (ಎಲ್ಲ ಅನುಮತಿಯೂ ಇರುವ ಬಳಕೆದಾರ) ಆಗಿ ಓಡಿಸಿದರೆ ಆ ಫೈಲೂ ತೆರೆದುಕೊಳ್ಳುತ್ತದೆ, ಎರರ್ ಬರುವುದಿಲ್ಲ, ಟೆಸ್ಟ್ ಫೇಲ್. ಇಂಟರ್ನೆಟ್ ಇಲ್ಲದ ಕಂಟೇನರ್‌ನಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಪರಿಸರದಲ್ಲಿ) ಬೀಳುವ ಟೆಸ್ಟ್‌ಗಳೂ ಇವೆ. ಆದ್ದರಿಂದ ಫೋರ್ಸ್ (ಫೇಲಾದರೂ ಹಾಕು ಎಂಬ ಆಯ್ಕೆ) ಕೊಡುವ ಮೊದಲು ಬಿಲ್ಡ್ ಲಾಗ್ (ಇನ್‌ಸ್ಟಾಲ್ ನಡೆದ ದಾಖಲೆ) ತೆರೆದು, ಬಿದ್ದದ್ದು ಯಾವ ಸಾಲು, ಏಕೆ ಎಂದು ಓದಿ. ಐದು ನಿಮಿಷದ ಕೆಲಸ ಅಷ್ಟೆ.

ರೂಟ್ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಟೆಸ್ಟ್ ಎಂದರೂ ಅದು ಅಪರಿಚಿತರು ಬರೆದ ಕೋಡೇ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಹಿಂಬಾಗಿಲನ್ನು (ಗುಟ್ಟಾಗಿ ಒಳನುಗ್ಗುವ ದಾರಿ; ಆವೃತ್ತಿ 5.6.0 ಮತ್ತು 5.6.1) ಅಡಗಿಸಿಟ್ಟದ್ದು ಟೆಸ್ಟ್‌ಗೆಂದು ಇಟ್ಟಿದ್ದ ಫೈಲ್‌ಗಳಲ್ಲೇ. ಎಸ್‌ಎಸ್‌ಎಚ್ ಲಾಗಿನ್ (ದೂರದ ಯಂತ್ರಕ್ಕೆ ಪ್ರವೇಶ) ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿತು, ಟೆಸ್ಟ್‌ಗಳಿಂದಲ್ಲ. ಟೆಸ್ಟ್ ಪಾಸಾಯಿತೆಂದರೆ ಕೋಡ್ ಕೆಲಸ ಮಾಡುತ್ತದೆ ಎಂದಷ್ಟೇ ಅರ್ಥ, ಅದು ಸುರಕ್ಷಿತ ಎಂದಲ್ಲ.

ಡೆಬಿಯನ್ ಲಿನಕ್ಸ್‌ನಲ್ಲಿ ಅದರ ಇನ್‌ಸ್ಟಾಲರ್ ಆಪ್ಟ್ ಮೂಲಕ ಹಾಕುವವರು ಕಾಯಬೇಕಿಲ್ಲ. ಅಲ್ಲಿ ಬಹುಪಾಲು ಟೆಸ್ಟ್‌ಗಳು ಪ್ಯಾಕೇಜ್ ಕಟ್ಟುವಾಗಲೇ ಓಡಿರುತ್ತವೆ, ಅದೂ ನಿಮಗೆ ಸಿಗುವ ಲೈಬ್ರರಿಗಳ ಜೊತೆಗೇ. ನೀವೂ ಇದೇ ದಾರಿ ಹಿಡಿಯಿರಿ: ನಿಮ್ಮ ಸರ್ವರ್‌ನಂತೆಯೇ ಇರುವ ಒಂದು ಯಂತ್ರದಲ್ಲಿ, ಸಾಮಾನ್ಯ ಬಳಕೆದಾರರಾಗಿ ಟೆಸ್ಟ್ ಸಮೇತ ಇನ್‌ಸ್ಟಾಲ್ ಮಾಡಿ. ಅಲ್ಲಿ ಪಾಸಾದರೆ ಉಳಿದ ಹತ್ತು ಸರ್ವರ್‌ಗಳಿಗೆ ಅದೇ ಆವೃತ್ತಿಯನ್ನು ‘ನೋಟೆಸ್ಟ್’ (ಟೆಸ್ಟ್ ಓಡಿಸಬೇಡ ಎಂಬ ಆಯ್ಕೆ) ಕೊಟ್ಟು ಹಾಕಿ. ಪರ್ಲ್ ಅಥವಾ ಓಪನ್‌ಎಸ್‌ಎಸ್‌ಎಲ್ ಆವೃತ್ತಿಯನ್ನು ಏರಿಸಿದ ದಿನ ಮತ್ತೆ ಮೊದಲಿನಿಂದ ಓಡಿಸಿ.